ಮನೆಯಲ್ಲೇ ಯೋಗ, ವ್ಯಾಯಾಮ: ಯಾವ ಸಾಮಾನು ನಿಜವಾಗಿ ಬೇಕು, ಯಾವುದು ಸುಮ್ನೆ ದುಡ್ಡು ದಂಡ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿದ್ದಾರೆ. ಟೀಪಾಯಿ ಸರಿಸಿದರೆ ಹಾಲ್‌ನಲ್ಲಿ ಒಬ್ಬರು ಕೈಕಾಲು ಚಾಚಿ ಮಲಗುವಷ್ಟು ಜಾಗ ಸಿಗುತ್ತದೆ. ನಾನು, ಅಮ್ಮ ಇಬ್ಬರೂ ಮನೆಯಲ್ಲೇ ಏನಾದರೂ ಶುರು ಮಾಡೋಣ ಅಂದುಕೊಂಡಿದ್ದೇವೆ. ನನಗೆ ನಲವತ್ತು ದಾಟಿದೆ, ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಮುಂದಕ್ಕೆ ಬಗ್ಗಿದರೆ ಬೆರಳು ಮೊಣಕಾಲಿನಿಂದ ಸ್ವಲ್ಪ ಕೆಳಗೆ ಹೋಗುತ್ತದೆ, ಅಷ್ಟೇ. ಅಮ್ಮನಿಗೆ ಎಪ್ಪತ್ತು. ನೆಲದ ಮೇಲೆ ಕೂತರೆ ಏಳುವುದು ಕಷ್ಟ.

ಜೂನ್ 21ರ ಯೋಗ ದಿನ ಹತ್ತಿರ ಬಂತು ಅಂತ ಎಲ್ಲ ಕಡೆ ಆಫರ್ ಬಿಟ್ಟಿದ್ದಾರೆ. ಒಂದು ‘ಹೋಮ್ ಯೋಗ ಕಿಟ್’ ಕಣ್ಣಿಗೆ ಬಿತ್ತು. ದಪ್ಪ ಮ್ಯಾಟ್, ಇಟ್ಟಿಗೆಯಂಥ ಎರಡು ಬ್ಲಾಕ್, ಬೆಲ್ಟ್, ಯೋಗ ಚಕ್ರ, ಐದು ಬಣ್ಣದ ರಬ್ಬರ್ ಬ್ಯಾಂಡ್, ದೊಡ್ಡ ಬಾಲ್, ಎಲ್ಲ ಸೇರಿ ಮೂರು ಸಾವಿರದ ಒಳಗೆ. ತಗೊಳ್ಳಲಾ? ಇಲ್ಲಾ ಬಿಡಿಬಿಡಿಯಾಗಿ ಕೊಳ್ಳೋದು ವಾಸಿನಾ?

ಒಂಟಿಕೊಪ್ಪಲು

ಕಿಟ್ ಬೇಡ. ಅದರಲ್ಲಿರುವ ಅರ್ಧ ಸಾಮಾನು ನಿಮಗೆ ಬೇಕಾಗುವುದೇ ಇಲ್ಲ. ಬೇಕಾಗುವ ಇನ್ನರ್ಧ ಅಗ್ಗದ ಮಾಲು.

ಮೊದಲು ಮ್ಯಾಟ್ ಒಂದನ್ನೇ ಸರಿಯಾಗಿ ಆರಿಸಿ. ಅಲ್ಲಿ ‘ದಪ್ಪ ಮ್ಯಾಟ್’ ಅಂತ ಬರೆದಿದೆ ಅಂದರೆ ಹತ್ತು ಅಥವಾ ಹದಿನೈದು ಎಂಎಂ ಇರುತ್ತದೆ, ಅಲ್ವಾ? ಅದು ಸಾಮಾನ್ಯವಾಗಿ ಎನ್‌ಬಿಆರ್ ಅನ್ನುವ ಮೆತ್ತನೆ ಫೋಮ್. ಮಲಗಿ ಹೊಟ್ಟೆಯ ವ್ಯಾಯಾಮ ಮಾಡಲು ಹಿತವಾಗಿರುತ್ತದೆ. ಆದರೆ ವೃಕ್ಷಾಸನಕ್ಕೆ ಒಂಟಿ ಕಾಲಲ್ಲಿ ನಿಂತರೆ ಪಾದ ಒಳಗೆ ಇಳಿದು ಹಿಮ್ಮಡಿ ವಾಲಾಡುತ್ತದೆ. ಕೈ ಊರುವ ಆಸನಗಳಲ್ಲಿ ಅಂಗೈ ಹುದುಗಿ ಮಣಿಕಟ್ಟು ಇನ್ನಷ್ಟು ಹಿಂದಕ್ಕೆ ಮಡಚುತ್ತದೆ, ನೋವು ಬರುತ್ತದೆ. ನಿಂತು ಮಾಡುವುದಕ್ಕೆ 4ರಿಂದ 6 ಎಂಎಂ ಸಾಕು. ಮೊಣಕಾಲು ಊರುವಾಗ ಚುಚ್ಚಿದರೆ ಅಲ್ಲಿಗೆ ಮಾತ್ರ ಟವೆಲ್ ಮಡಚಿ ಹಾಕಿ.

ದಪ್ಪಕ್ಕಿಂತ ಹಿಡಿತ ಮುಖ್ಯ. ಸಾಧ್ಯವಾದರೆ ಅಂಗಡಿಗೆ ಹೋಗಿ. ಮ್ಯಾಟನ್ನು ಟೈಲ್ಸ್ ಮೇಲೆ ಹಾಸಿ, ಎರಡೂ ಅಂಗೈ ಊರಿ, ಸೊಂಟ ಮೇಲೆತ್ತಿ ಅಧೋಮುಖ ಶ್ವಾನಾಸನದಲ್ಲಿ ನಿಲ್ಲಿ. ಅಂಗಡಿಯವರು ನೋಡಿದರೆ ನೋಡಲಿ. ಅಂಗೈ ಮುಂದಕ್ಕೆ ಜಾರುತ್ತಾ? ಮ್ಯಾಟೇ ನೆಲದ ಮೇಲೆ ಸರಿಯುತ್ತಾ? ಇವೆರಡೂ ಬೇರೆ ಬೇರೆ ತೊಂದರೆ. ಮೇಲ್ಭಾಗ ಚೆನ್ನಾಗಿ ಹಿಡಿದು ಕೆಳಭಾಗ ಜಾರುವ ಮ್ಯಾಟ್‌ಗಳು ಬೇಕಾದಷ್ಟಿವೆ. ನಿಮ್ಮ ನುಣುಪು ಟೈಲ್ಸ್ ಮೇಲೆ ಅವು ಅಪಾಯ.

ಕಡಲಂಚು

ಮ್ಯಾಟ್ ವಿಷಯ ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಅದು ಯಾವುದರಿಂದ ಮಾಡಿದ್ದು ಅಂತಲೂ ನೋಡಿ.

ಪಿವಿಸಿ ಅಗ್ಗ, ಬಾಳಿಕೆ ಜಾಸ್ತಿ. ಬೆವರು ಹೀರುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಒರೆಸುವುದು ಸುಲಭ, ಆದರೆ ಬೆವರು ಬಂದಾಗ ಜಾರುತ್ತದೆ. ಟಿಪಿಇ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್ ಹಗುರ, ವಾಸನೆ ಕಡಿಮೆ. ಆದರೆ ಉಗುರು ತಾಗಿದರೆ ಕಿತ್ತು ಬರುತ್ತದೆ. ನೈಸರ್ಗಿಕ ರಬ್ಬರ್‌ಗೆ ಹಿಡಿತ ಎಲ್ಲಕ್ಕಿಂತ ಚೆನ್ನಾಗಿದೆ. ಅದು ಭಾರ, ಬೆಲೆಯೂ ಹೆಚ್ಚು, ಮೊದಮೊದಲು ಟೈರ್ ಅಂಗಡಿ ವಾಸನೆ. ಲ್ಯಾಟೆಕ್ಸ್ ಅಲರ್ಜಿ ಇದ್ದವರು ಅದರ ಹತ್ತಿರ ಹೋಗಬಾರದು. ಕಾರ್ಕ್ ಮ್ಯಾಟ್‌ನದು ಉಲ್ಟಾ ಗುಣ. ಒಣಗಿದ್ದಾಗ ಸ್ವಲ್ಪ ಜಾರುತ್ತದೆ, ಕೈ ಒದ್ದೆಯಾದ ಮೇಲೆ ಹಿಡಿಯುತ್ತದೆ. ಬೆವರುವ ಕೈಯವರಿಗೆ ಒಳ್ಳೆಯದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತಾಪತ್ರಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಒಣಗುವುದಿಲ್ಲ. ರಬ್ಬರ್ ಮ್ಯಾಟ್ ಬೆವರು ಹೀರಿಕೊಂಡು, ಸುತ್ತಿ ಮೂಲೆಗೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಮಾಡಿದ ಮೇಲೆ ಫ್ಯಾನ್ ಕೆಳಗೆ ಕುರ್ಚಿಯ ಬೆನ್ನಿನ ಮೇಲೆ ನೇತುಹಾಕಿ, ಒಣಗಿದ ಮೇಲೆ ಸುತ್ತಿಡಬೇಕು. ಹಾಗಂತ ಬಿಸಿಲಿಗೆ ಹಾಕಬೇಡಿ. ಬಿಸಿಲು ತಾಗಿದರೆ ರಬ್ಬರ್ ಬಿರುಕು ಬಿಟ್ಟು ಪುಡಿ ಉದುರುತ್ತದೆ. ತೊಳೆಯಲು ನೀರಿಗೆ ಎರಡು ಹನಿ ಸೌಮ್ಯವಾದ ಸೋಪು ಸಾಕು. ಫಿನೈಲ್, ಬ್ಲೀಚ್ ಹಾಕಿದರೆ ಮ್ಯಾಟ್ ಕಥೆ ಮುಗಿಯಿತು.

ಗೋಡೆಯೇ ಗುರು

ನಾನು ಧಾರವಾಡದಲ್ಲಿ ಅಯ್ಯಂಗಾರ್ ಪದ್ಧತಿಯ ಯೋಗ ಹೇಳಿಕೊಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಬ್ಲಾಕ್, ಬೆಲ್ಟ್, ಕುರ್ಚಿ ಎಲ್ಲ ಫಾರಿನ್‌ನಿಂದ ಬಂದ ಫ್ಯಾಷನ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇವನ್ನು ಆಸನದ ಕಲಿಕೆಗೆ ತಂದು ಜಗತ್ತಿಗೆಲ್ಲ ಹಬ್ಬಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಮೈ ಸೊರಗಿತ್ತು. ಯೋಗ ಕಲಿತದ್ದು ಮೈಸೂರಿನಲ್ಲಿ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಹತ್ತಿರ. 1937ರಲ್ಲಿ ಪುಣೆಗೆ ಕಲಿಸಲು ಹೋದವರು ಅಲ್ಲೇ ನೆಲೆಸಿದರು. 1975ರಲ್ಲಿ ಅಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ ಶುರುವಾಯಿತು. ಅವರ ಹತ್ತಿರ ಬಂದವರಲ್ಲಿ ವಯಸ್ಸಾದವರು, ಬೆನ್ನುನೋವಿನವರು, ಮೈ ಬಗ್ಗದವರು ಎಲ್ಲ ಇದ್ದರು. ಆಸನಕ್ಕೆ ಮೈ ಬಗ್ಗದಿದ್ದರೆ ಆಸನವನ್ನೇ ಮೈಯ ಹತ್ತಿರಕ್ಕೆ ತರುವುದು ಅವರ ದಾರಿ. ಅದಕ್ಕೆ ಇಟ್ಟಿಗೆ, ಹಗ್ಗ, ಕಂಬಳಿ, ಮಡಚುವ ಕುರ್ಚಿ.

ಹಾಗಾಗಿ ‘ಯಾವ ಪ್ರಾಪ್ (ಆಸರೆಯ ಸಾಮಾನು) ಕೊಳ್ಳಲಿ’ ಅಂತ ಕೇಳುವ ಮೊದಲು ‘ನನ್ನ ಮೈ ಎಲ್ಲಿ ನಿಲ್ಲುತ್ತಿದೆ’ ಅಂತ ನೋಡಿ. ನಿಮ್ಮ ಕೈ ಮೊಣಕಾಲಿನ ಕೆಳಗೆ ನಿಲ್ಲುತ್ತದೆ ಅಂದಿರಿ. ಹಾಗಾದರೆ ನಿಮಗೆ ಬೇಕಿರುವುದು ಒಂದು ಬೆಲ್ಟ್, ಎರಡು ಬ್ಲಾಕ್. ಕಾಲು ಚಾಚಿ ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಬೆನ್ನು ಗೂನು ಮಾಡಿ ಕಾಲು ಹಿಡಿಯುವ ಬದಲು ಪಾದಕ್ಕೆ ಬೆಲ್ಟ್ ಹಾಕಿ, ಬೆನ್ನು ನೇರ ಇಟ್ಟು ಎಳೆಯಿರಿ. ತ್ರಿಕೋನಾಸನದಲ್ಲಿ ಕೈ ನೆಲಕ್ಕೆ ತಾಗಲಿ ಅಂತ ಎದೆ ಕೆಳಗೆ ಬೀಳಿಸುವ ಬದಲು ಬ್ಲಾಕ್ ಮೇಲೆ ಕೈ ಇಡಿ.

ಬ್ಲಾಕ್ ಅಳತೆ ಸಾಮಾನ್ಯವಾಗಿ 9 ಇಂಚು ಉದ್ದ, 6 ಇಂಚು ಅಗಲ, 3 ಅಥವಾ 4 ಇಂಚು ದಪ್ಪ. ಮೂರು ಬದಿಗೆ ನಿಲ್ಲಿಸಿದರೆ ಮೂರು ಎತ್ತರ ಸಿಗುತ್ತದೆ. ಫೋಮ್ ಬ್ಲಾಕ್ ಆದರೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಒಳಗೆ ಹೋಗುವಂತಿದ್ದರೆ ಬಿಡಿ, ಭಾರ ಹಾಕಿದಾಗ ಅಲ್ಲಾಡುತ್ತದೆ. ಕಾರ್ಕ್ ಗಟ್ಟಿ, ನಿಲುವೂ ಚೆನ್ನ. ನಮ್ಮ ಕಡೆ ನಾವು ಬಡಗಿಗೆ ಹೇಳಿ ಮರದ್ದು ಮಾಡಿಸುತ್ತೇವೆ. ಅಂಚು, ಮೂಲೆ ಚೆನ್ನಾಗಿ ಉಜ್ಜಿಸಬೇಕು. ವೀರಾಸನದಲ್ಲಿ ಹಿಮ್ಮಡಿಗಳ ಮಧ್ಯೆ ಬ್ಲಾಕ್ ಇಟ್ಟು ಕೂತರೆ ಮೊಣಕಾಲಿನ ಭಾರ ಇಳಿಯುತ್ತದೆ. ಅಂಗಾತ ಮಲಗಿ ಸೊಂಟ ಮೇಲೆತ್ತುವ ಸೇತುಬಂಧದಲ್ಲಿ ಇಡುವಾಗ ಮಾತ್ರ ಜೋಪಾನ. ಬ್ಲಾಕ್ ಇರಬೇಕಾದದ್ದು ಸೊಂಟದ ತಗ್ಗಿನ ಕೆಳಗೆ ಅಲ್ಲ. ಅದಕ್ಕಿಂತ ಕೆಳಗೆ, ಬೆನ್ನೆಲುಬಿನ ಬುಡದ ಚಪ್ಪಟೆ ಮೂಳೆಯ ಕೆಳಗೆ.

ನನ್ನ ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಉಪಯೋಗ ಕಂಬಳಿಯದು. ಮಿಂಕ್ ಹೊದಿಕೆ ಬೇಡ, ಅದು ನುಣುಪು, ಕುಸಿಯುತ್ತದೆ. ಚಳ್ಳಕೆರೆ ಕಡೆಯ ಕುರಿ ಕಂಬಳಿ ಇದ್ದರೆ ಅದೇ ಸಾಕು. ಚುಚ್ಚುತ್ತದೆ ಅನ್ನಿಸಿದರೆ ಮೇಲೆ ಕಾಟನ್ ಬಟ್ಟೆ ಹಾಸಿ. ಮಡಚಿ ಅದರ ಅಂಚಿನ ಮೇಲೆ ಕೂತು ನೋಡಿ. ಸೊಂಟ ಮೊಣಕಾಲಿಗಿಂತ ಮೇಲೆ ಬರುತ್ತದೆ, ಬೆನ್ನು ತಾನೇ ನೇರವಾಗುತ್ತದೆ. ಚಕ್ಕಂಬಕ್ಕಳ ಹಾಕಲು ಆಗಲ್ಲ ಅನ್ನುವ ಅರ್ಧ ಜನರ ಸಮಸ್ಯೆ ಅಷ್ಟಕ್ಕೇ ಮುಗಿಯುತ್ತದೆ. ಭುಜದ ಮೇಲೆ ನಿಂತು ಕಾಲು ಮೇಲೆತ್ತುವ ಸರ್ವಾಂಗಾಸನದಲ್ಲಿ ಮೂರು ಕಂಬಳಿ ಮಡಚಿ ಭುಜದ ಕೆಳಗೆ ಇಡುತ್ತೇವೆ. ತಲೆ ಮಾತ್ರ ನೆಲದ ಮೇಲೆ, ಕೆಳಗಿನ ಮಟ್ಟದಲ್ಲಿ ಇರುತ್ತದೆ. ಆಗ ಕುತ್ತಿಗೆ ಒತ್ತಿಕೊಳ್ಳುವುದಿಲ್ಲ. ಇದನ್ನು ವಿಡಿಯೋ ನೋಡಿ ಮಾಡಬೇಡಿ, ಒಮ್ಮೆ ಯಾರಾದರೂ ಎದುರಿಗೆ ಇದ್ದು ತೋರಿಸಲಿ.

ಬರಿಗೈ

ಸ್ವಲ್ಪ ಜಗಳ ಆಡುತ್ತೇನೆ. ನಾನು ಮೈಸೂರಿನಲ್ಲಿ ಅಷ್ಟಾಂಗ ವಿನ್ಯಾಸ ಕಲಿತವನು, ಪಟ್ಟಾಭಿ ಜೋಯಿಸರ ಪರಂಪರೆ. ಅವರೂ ಅದೇ ಕೃಷ್ಣಮಾಚಾರ್ಯರ ಶಿಷ್ಯರೇ. ನಮ್ಮಲ್ಲಿ ಬ್ಲಾಕೂ ಇಲ್ಲ, ಬೆಲ್ಟೂ ಇಲ್ಲ. ಒಂದು ಮ್ಯಾಟ್, ಅದರ ಮೇಲೆ ಹತ್ತಿಯ ಜಮಖಾನ, ಅಷ್ಟೇ. ಮೈ ಬಗ್ಗದಿದ್ದರೆ ಕಾಯಬೇಕು. ದಿನಾ ಮಾಡುತ್ತಾ ಹೋದರೆ ಅದೇ ಬಗ್ಗುತ್ತದೆ. ಬ್ಲಾಕ್ ಇಟ್ಟುಕೊಂಡವರು ಎಷ್ಟೋ ವರ್ಷ ಆದರೂ ಬ್ಲಾಕ್ ಬಿಡುವುದೇ ಇಲ್ಲ, ನೋಡಿದ್ದೇನೆ. ಪ್ರವಾಸ ಹೋದರೆ ಯೋಗ ಬಂದ್, ಯಾಕೆ ಅಂದರೆ ಸಾಮಾನು ಮನೆಯಲ್ಲಿದೆ!

ಗೋಡೆಯೇ ಗುರು

@ಬರಿಗೈ, ನಿಮ್ಮ ಶಾಲೆಯಲ್ಲಿ ಗುರುವಿನ ಕೈ ಇದೆಯಲ್ಲ? ಪ್ರತಿ ಆಸನದಲ್ಲೂ ಅವರೇ ಬಂದು ಒತ್ತಿ, ಎತ್ತಿ, ಸರಿ ಮಾಡುತ್ತಾರೆ. ಮನೆಯಲ್ಲಿ ಒಬ್ಬರೇ ಮಾಡುವವರಿಗೆ ಆ ಕೈ ಇಲ್ಲ. ಅದರ ಕೆಲಸವನ್ನು ಗೋಡೆ, ಬೆಲ್ಟ್ ಮಾಡುತ್ತವೆ. ಇನ್ನು ಬ್ಲಾಕ್ ಬಿಡುವುದಿಲ್ಲ ಅನ್ನುವುದು. ಅಯ್ಯಂಗಾರ್ ಅವರೇ ವಯಸ್ಸಾದ ಮೇಲೂ ಕುರ್ಚಿ, ಬೆಂಚು ಬಳಸಿ ಆಸನಗಳಲ್ಲಿ ಹೆಚ್ಚು ಹೊತ್ತು ಇರುತ್ತಿದ್ದರು. ಬಿಡಲೇಬೇಕು ಅಂತ ಯಾಕೆ?

ಬರಿಗೈ

ಗುರುವಿನ ಕೈ ಮಾತು ಒಪ್ಪಿದೆ. ಆದರೆ ಶುರುವಿನಲ್ಲೇ ಐದು ಸಾಮಾನು ಕೊಂಡವರು ಅದನ್ನು ಜೋಡಿಸುವುದರಲ್ಲೇ ಅರ್ಧ ಗಂಟೆ ಕಳೆಯುತ್ತಾರೆ ಅನ್ನುವ ನನ್ನ ಮಾತು ನಿಲ್ಲುತ್ತದೆ. ಸಂಜೆಮಲ್ಲಿಗೆಯವರು ಸೂರ್ಯ ನಮಸ್ಕಾರದಿಂದ ಶುರು ಮಾಡಲಿ. ಅದಕ್ಕೆ ನೆಲ ಬಿಟ್ಟು ಏನೂ ಬೇಡ.

ಸಂಜೆಮಲ್ಲಿಗೆ

ಇಬ್ಬರಿಗೂ ಥ್ಯಾಂಕ್ಸ್. ಚಕ್ರ, ಬಾಲ್ ಬಿಟ್ಟೆ, ಕಿಟ್ ಕೂಡ ಬಿಟ್ಟ ಹಾಗೇ. ಅಮ್ಮನ ಬಗ್ಗೆ ಯಾರೂ ಹೇಳಲಿಲ್ಲ. ಅವರಿಗೆ ಮ್ಯಾಟ್ ಬೇಕೋ ಬೇಡವೋ? ಬಿಪಿ ಮಾತ್ರೆ ತಗೋತಾರೆ, ಮೊಣಕಾಲು ನೋವಿದೆ.

ಫಿಸಿಯೋ ಹುಬ್ಬಳ್ಳಿ

ಅಮ್ಮನಿಗೆ ಮೊದಲು ಬೇಕಾದದ್ದು ಕುರ್ಚಿ, ಮ್ಯಾಟ್ ಅಲ್ಲ. ಮನೆಯ ಊಟದ ಮೇಜಿನ ಮರದ ಕುರ್ಚಿ ಸಾಕು. ಚಕ್ರ ಇರಬಾರದು. ಸಿಂಹಾಸನದಂಥ ಮೆತ್ತೆಯೂ ಬೇಡ. ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮೊಣಕಾಲು ಸುಮಾರು ತೊಡೆಯ ಮಟ್ಟಕ್ಕೇ ಇರಬೇಕು. ಸಾಮಾನ್ಯವಾಗಿ 17, 18 ಇಂಚು ಎತ್ತರ ಸರಿಹೋಗುತ್ತದೆ. ಅಮ್ಮ ಗಿಡ್ಡ ಇದ್ದರೆ ಕಾಲ ಕೆಳಗೆ ಅಲ್ಲಾಡದ ಮಣೆ ಇಡಿ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಇಲ್ಲದಿದ್ದರೆ ನಿಮ್ಮ ಟೈಲ್ಸ್ ಮೇಲೆ ಹಿಂದೆ ಜಾರುತ್ತದೆ. ತೆಳ್ಳಗಿನ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಅದರ ಕಾಲು ಒಂದು ಬದಿಗೆ ಭಾರ ಬಿದ್ದರೆ ಅಗಲವಾಗಿ ಸರಿಯುತ್ತದೆ.

ಆ ಕುರ್ಚಿಯಲ್ಲಿ ಅವರು ಮಾಡಬೇಕಾದ ಮೊದಲ ವ್ಯಾಯಾಮ ಎದ್ದು ಕೂರುವುದು. ಕೈ ಊರದೆ ಆದರೆ ಒಳ್ಳೆಯದು, ಆಗದಿದ್ದರೆ ಊರಲಿ. ತೊಡೆಗೆ ಶಕ್ತಿ ಬಂದರೆ ಮೊಣಕಾಲಿನ ಮೇಲಿನ ಹೊರೆ ಕಡಿಮೆ. ನೆಲದಿಂದ ಏಳುವುದಕ್ಕೂ ಅದೇ ಮೆಟ್ಟಿಲು. ಕೂರುವ ಎತ್ತರ ಕಷ್ಟವಾದರೆ ಮೇಲೆ ಗಟ್ಟಿಯಾಗಿ ಮಡಚಿದ ಕಂಬಳಿ ಇಡಿ. ಶಕ್ತಿ ಬಂದ ಹಾಗೆ ಒಂದೊಂದೇ ಮಡಿಕೆ ತೆಗೆಯಿರಿ.

ಎರಡನೆಯದು ಸಮತೋಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಓಡಾಟ ಬೇಕು. ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಕನಿಷ್ಠ ಎರಡು ದಿನ. 65 ದಾಟಿದವರಿಗೆ ಇದರ ಜೊತೆ ಸಮತೋಲ ಮತ್ತು ಶಕ್ತಿಯ ಅಭ್ಯಾಸ ವಾರಕ್ಕೆ ಮೂರು ದಿನವಾದರೂ ಇರಲಿ ಅಂತ ಹೇಳುತ್ತಾರೆ. ಬಿದ್ದು ಮೂಳೆ ಮುರಿಯದಿರಲಿ ಅಂತ. ಇದಕ್ಕೆ ಅಡುಗೆಮನೆ ಕಟ್ಟೆ ಬಹಳ ಒಳ್ಳೆಯ ಜಾಗ. ಕಲ್ಲಿನದು, ಅಲ್ಲಾಡಲ್ಲ, ಸೊಂಟದ ಎತ್ತರ ಇರುತ್ತದೆ. ಕಟ್ಟೆ ಹಿಡಿದು ಒಂದು ಕಾಲೆತ್ತಿ ನಿಲ್ಲುವುದು, ಹಿಮ್ಮಡಿ ಎತ್ತುವುದು. ಕಾಲ ಕೆಳಗೆ ಮೆತ್ತನೆ ಮ್ಯಾಟ್ ಹಾಕಬೇಡಿ. ಸಾಕ್ಸ್ ಹಾಕಿಕೊಂಡೂ ಬೇಡ, ಬರಿಗಾಲೇ ಸರಿ.

ಬಿಪಿ ಇದೆ ಅಂದಿರಿ. ತಲೆ ಕೆಳಗೆ ಮಾಡುವ ಆಸನ, ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇಡ. ಗ್ಲಾಕೋಮಾ ಇರುವವರಿಗೂ ತಲೆ ಕೆಳಗಾದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಹಾಗಾಗಿ ಶೀರ್ಷಾಸನದ ಸ್ಟೂಲ್, ತಲೆಕೆಳಗಾಗಿ ನೇತಾಡುವ ಟೇಬಲ್ ಯಾರಾದರೂ ಮಾರಲು ಬಂದರೆ ಮೊದಲು ಡಾಕ್ಟರನ್ನು ಕೇಳಿ. ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೊಪೊರೋಸಿಸ್) ಇದ್ದರೆ ಬೆನ್ನು ಗುಂಡಗೆ ಮಾಡಿ ಮುಂದೆ ಬಗ್ಗುವುದೂ ಬೇಡ.

ಗರಡಿಮನೆ

ಎಲ್ಲರೂ ಬಗ್ಗುವ ಮಾತೇ ಆಡುತ್ತಿದ್ದೀರಿ. ಎತ್ತುವ ಮಾತು ಯಾರೂ ಆಡುವುದಿಲ್ಲ. ಬ್ಲಾಕ್, ಬೆಲ್ಟ್‌ನಿಂದ ತೋಳಿಗೆ ಶಕ್ತಿ ಬರಲ್ಲ ಸ್ವಾಮಿ.

ನಮ್ಮ ಹಿಂದಿನವರು ಗರಡಿಯಲ್ಲಿ ದಂಡ, ಬಸ್ಕಿ ಹೊಡೆದರು, ಗದೆ ತಿರುಗಿಸಿದರು. ಹಳ್ಳಿಯಲ್ಲಿ ಕಲ್ಲುಗುಂಡು ಎತ್ತುವುದು, ಜೋಳದ ಚೀಲ ಎತ್ತುವುದು ಪಂದ್ಯವೇ ಆಗಿತ್ತು. ಈಗಲೂ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇದೆ. ಅಂದರೆ ಭಾರ ಅಂಗಡಿಯಿಂದಲೇ ಬರಬೇಕು ಅಂತೇನಿಲ್ಲ. ಒಂದು ಲೀಟರ್ ನೀರಿನ ಬಾಟಲಿ ಸುಮಾರು ಒಂದು ಕಿಲೋ. ಐದು ಕಿಲೋ ಅಕ್ಕಿ ಚೀಲವನ್ನು ಹಳೇ ಸ್ಕೂಲ್ ಬ್ಯಾಗಿಗೆ ಹಾಕಿ ಬೆನ್ನಿಗೆ ಏರಿಸಿ ಬಸ್ಕಿ ಹೊಡೆಯಿರಿ. ಹಿಡಿಕೆ ಹಿಡಿದು ಎಳೆದರೆ ಬೆನ್ನಿಗೂ ಕೆಲಸ.

ಡಂಬೆಲ್ ಕೊಳ್ಳಲೇಬೇಕು ಅಂದರೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ತುಂಬಿದ್ದು ಬಿಡಿ. ಬಿದ್ದರೆ ಒಡೆದು ಪುಡಿ ಸೋರುತ್ತದೆ. ಭಾರಕ್ಕೆ ಗಾತ್ರವೂ ಜಾಸ್ತಿ. ರಬ್ಬರ್ ಹೊದಿಸಿದ ಆರು ಮೂಲೆಯ ಕಬ್ಬಿಣದ್ದು ಉರುಳುವುದಿಲ್ಲ, ಟೈಲ್ಸ್‌ಗೂ ಪೆಟ್ಟಾಗಲ್ಲ. ಹೆಂಗಸರಿಗೆ ಅಂತ ಗುಲಾಬಿ ಬಣ್ಣದ ಒಂದು ಕಿಲೋ ಜೋಡಿ ಮಾರುತ್ತಾರೆ. ದಿನಾ ಐದು ಕಿಲೋ ತರಕಾರಿ ಚೀಲ ಹೊತ್ತು ಮೂರು ಮಹಡಿ ಹತ್ತುವವರಿಗೆ ಒಂದು ಕಿಲೋ ಡಂಬೆಲ್ ಯಾಕೆ?

ಫಿಸಿಯೋ ಹುಬ್ಬಳ್ಳಿ

@ಗರಡಿಮನೆ, ಕೊನೆಯ ಸಾಲಿಗೆ ಒಂದು ಚಪ್ಪಾಳೆ. ಆದರೆ ತೋಳನ್ನು ಪಕ್ಕಕ್ಕೆ ಚಾಚಿ ಎತ್ತುವಾಗ ಒಂದು ಕಿಲೋ ಕೂಡ ಭುಜಕ್ಕೆ ಸಾಕಷ್ಟು ಭಾರ. ಭುಜ ಹಿಡಿದುಕೊಂಡವರಿಗೆ ನಾವು ಅರ್ಧ ಕಿಲೋದಿಂದ ಶುರು ಮಾಡಿಸುವುದುಂಟು.

ಜಾಗ ಕಡಿಮೆ ಇರುವ ಮನೆಗೆ ನನ್ನ ಆಯ್ಕೆ ರಬ್ಬರ್ ಬ್ಯಾಂಡ್. ಒಂದು ಡ್ರಾಯರ್‌ನಲ್ಲಿ ಹಿಡಿಯುತ್ತದೆ. ಬ್ಯಾಂಡಿನ ಬಣ್ಣ ನೋಡಿ ಮೋಸ ಹೋಗಬೇಡಿ. ಒಂದು ಕಂಪನಿಯ ಕೆಂಪು ಇನ್ನೊಂದರ ಹಸಿರಿನಷ್ಟು ಬಿಗಿ ಇರಬಹುದು. ಕೈಯಲ್ಲಿ ಎಳೆದು ನೋಡಿ. ಹತ್ತು ಹನ್ನೆರಡು ಸಲ ಎಳೆದಾಗ ಕೊನೆಯ ಎರಡು ಕಷ್ಟ ಅನ್ನಿಸಬೇಕು. ಬಳಸುವ ಮೊದಲು ಪ್ರತಿ ಸಲ ಬೆಳಕಿಗೆ ಹಿಡಿದು ನೋಡಿ. ಸಣ್ಣ ಗೀರು, ಬಿಳಿ ಕಲೆ, ಅಂಟು ಕಂಡರೆ ಎಸೆಯಿರಿ. ಹರಿದರೆ ನೇರ ಮುಖಕ್ಕೆ ಹೊಡೆಯುತ್ತದೆ. ಕಿಟಕಿ ಪಕ್ಕ ಬಿಸಿಲಲ್ಲಿ ಇಟ್ಟ ಬ್ಯಾಂಡ್ ಬೇಗ ಹಾಳಾಗುತ್ತದೆ. ತೊಡೆಗೆ ಹಾಕುವ ಬಳೆಯಂಥ ಬ್ಯಾಂಡ್ ಆದರೆ ಬಟ್ಟೆಯದು ತಗೊಳ್ಳಿ, ಲ್ಯಾಟೆಕ್ಸ್‌ನದು ಸುರುಳಿ ಸುತ್ತಿಕೊಂಡು ಚರ್ಮ ಕೆರೆಯುತ್ತದೆ.

ಬಾಗಿಲಿಗೆ ಸಿಕ್ಕಿಸಿ ಎಳೆಯುವುದಾದರೆ ನೀವು ಎಳೆಯುವ ದಿಕ್ಕಿಗೆ ಬಾಗಿಲು ತೆರೆಯಬಾರದು. ಎಳೆದ ಹಾಗೆಲ್ಲ ಚೌಕಟ್ಟಿಗೆ ಒತ್ತಿ ಇನ್ನಷ್ಟು ಬಿಗಿಯಾಗುವ ಬದಿಯಲ್ಲಿ ನಿಲ್ಲಿ. ಚಿಲಕವನ್ನೂ ಹಾಕಿ.

ಇನ್ನೊಂದು. ಈ ಬ್ಯಾಂಡನ್ನು ಬೆಲ್ಟಿನ ಬದಲು ಬಳಸಬೇಡಿ. ಬೆಲ್ಟ್ ಹಿಗ್ಗಬಾರದು, ಬ್ಯಾಂಡ್ ಹಿಗ್ಗಬೇಕು.

ಮೂರನೇ ಕ್ರಾಸ್

ಪುಲ್‌ಅಪ್ ಬಾರ್ (ಹಿಡಿದು ನೇತಾಡಿ ಮೈ ಮೇಲೆತ್ತುವ ಕಂಬಿ) ಬಗ್ಗೆ ಯಾರಾದರೂ ಹೇಳ್ತೀರಾ? ಮಗ ಹಟ ಹಿಡಿದಿದ್ದಾನೆ. ಬಾಗಿಲಿಗೆ ಹಾಕುವ ಎರಡು ಥರ ಇದೆಯಂತೆ.

ಗರಡಿಮನೆ

ಚೌಕಟ್ಟಿನ ಮೇಲಂಚಿಗೆ ಕೊಕ್ಕೆಯಂತೆ ಕೂರುವುದು ಒಂದು ಥರ. ಅದಕ್ಕೆ ಚೌಕಟ್ಟು ಗೋಡೆಯಿಂದ ಹೊರಗೆ ಚಾಚಿರಬೇಕು. ನಮ್ಮ ಕಡೆಯ ಮನೆಗಳಲ್ಲಿ ಚೌಕಟ್ಟು ಹೆಚ್ಚಾಗಿ ಗೋಡೆಯ ಮಟ್ಟಕ್ಕೇ ಇರುತ್ತದೆ, ಕೂರುವುದೇ ಇಲ್ಲ. ಇನ್ನೊಂದು ಥರ ಎರಡೂ ಬದಿಗೆ ತಿರುಚಿ ಒತ್ತಿ ನಿಲ್ಲಿಸುವುದು. ಪೇಂಟ್ ನುಣುಪಾಗಿದ್ದರೆ ಜಾರುತ್ತದೆ. ಮಗ ನೇತಾಡಿ ಜೋಕಾಲಿ ಆಡಿದರೆ ತಿರುಪು ಸಡಿಲವಾಗುತ್ತದೆ. ಅದರ ಜೊತೆ ಬರುವ, ಬಾರಿನ ತುದಿ ಕೂರುವ ಬಟ್ಟಲನ್ನು ಎರಡೂ ಬದಿಗೆ ಸ್ಕ್ರೂ ಹಾಕಿ ಕೂರಿಸಿದರೆ ಮಾತ್ರ ಬಳಸಿ. ಬಾಡಿಗೆ ಮನೆಯಾದರೆ ಓನರನ್ನು ಕೇಳಿ ಮಾಡಿ! ಹತ್ತಿರದಲ್ಲಿ ಪಾರ್ಕ್ ಇದ್ದು, ಬಯಲು ಜಿಮ್ ಕಂಬಗಳಿದ್ದರೆ ಅದೇ ಒಳ್ಳೆಯದು.

ಗೋಡೆಯೇ ಗುರು

ಇದಕ್ಕೇ ಸೇರಿಸಿ, ಕೆಲವರು ಗೋಡೆಗೆ ಕೊಕ್ಕೆ ಹೊಡೆಸಿ ಯೋಗದ ಹಗ್ಗ ಕಟ್ಟುತ್ತಾರೆ. ಫ್ಲ್ಯಾಟ್‌ನ ನಾಲ್ಕಿಂಚಿನ ಅಡ್ಡಗೋಡೆಗೆ, ಟೊಳ್ಳು ಬ್ಲಾಕಿನ ಗೋಡೆಗೆ ಅದು ಬೇಡ. ಇಡೀ ಮೈಭಾರ ಬೀಳುತ್ತದೆ. ಗೊತ್ತಿರುವ ಮೇಸ್ತ್ರಿ ನೋಡಿ ಸರಿ ಅನ್ನಬೇಕು.

ನವಲಗುಂದದಾಂವ

ಬರಿಗೈ ಅವರು ಜಮಖಾನ ಅಂದರಲ್ಲ, ಖುಷಿಯಾಯಿತು. ನಮ್ಮ ನವಲಗುಂದದ ಹೆಣ್ಣುಮಕ್ಕಳು ಮನೆಯಲ್ಲಿ ನಿಲುವು ಮಗ್ಗದ ಮೇಲೆ ನೇಯುವ ಜಮಖಾನಕ್ಕೆ ಜಿಐ ಮಾನ್ಯತೆ (ಆ ಊರಿನದೇ ಅನ್ನುವ ಸರ್ಕಾರಿ ಗುರುತು) ಇದೆ. ಮೇಲೆ ನವಿಲು, ಪಗಡೆ ಹಾಸು ಇರುತ್ತವೆ. ನೇಯುವವರು ಈಗ ಬಹಳ ಕಡಿಮೆ ಆಗಿದ್ದಾರೆ. ಸಿಕ್ಕರೆ ಕೊಳ್ಳಿ. ಆದರೆ ಯೋಗಕ್ಕೆ ಟೈಲ್ಸ್ ಮೇಲೆ ನೇರ ಹಾಸಬೇಡಿ, ಜರ್ ಅಂತ ಸರಿಯುತ್ತದೆ. ಕೆಳಗೆ ತೆಳ್ಳನೆ ರಬ್ಬರ್ ಮ್ಯಾಟ್, ಮೇಲೆ ಜಮಖಾನ ಹಾಸಿದರೆ ಬೆವರೂ ಹೀರುತ್ತದೆ, ತೊಳೆಯಲೂ ಸುಲಭ. ಗಾರೆ ನೆಲ, ರೆಡ್ ಆಕ್ಸೈಡ್ ನೆಲದಲ್ಲೂ ಅಷ್ಟೇ.

ಸಂಜೆಮಲ್ಲಿಗೆ

ಚಾಪೆ ಸಾಕಾ ಅಂತ ಅಮ್ಮ ಕೇಳ್ತಿದ್ದಾರೆ. ಹುಲ್ಲಿನ ಚಾಪೆ. ಇನ್ನೊಂದು ಪ್ರಶ್ನೆ, ಬೋಲ್ಸ್ಟರ್ ಅನ್ನುವ ಉದ್ದನೆ ದಿಂಬು ಆನ್‌ಲೈನ್‌ನಲ್ಲಿ ಒಂದೂವರೆ ಎರಡು ಸಾವಿರ ಇದೆ. ಅಷ್ಟು ಕೊಡಬೇಕಾ?

ಒಂಟಿಕೊಪ್ಪಲು

ಚಾಪೆ ಪ್ರಾಣಾಯಾಮಕ್ಕೆ, ಶವಾಸನಕ್ಕೆ ಧಾರಾಳ ಸಾಕು. ನಿಂತು ಕಾಲು ಅಗಲಿಸುವ ಆಸನಕ್ಕೆ ಬೇಡ.

ದಿಂಬಿಗೆ ಅಷ್ಟು ಕೊಡಬೇಡಿ. ಹಾಸಿಗೆ ಹೊಲಿಯುವ ಅಂಗಡಿಗೆ ಹೋಗಿ ಲೋಡು ಮಾಡಿಕೊಡಿ ಅನ್ನಿ. ಎರಡು ಅಡಿ ಉದ್ದ, ಒಂಬತ್ತು ಹತ್ತು ಇಂಚು ದಪ್ಪ. ಹತ್ತಿ ಬಿಗಿಯಾಗಿ ತುಂಬಲು ಹೇಳಿ, ಎದುರಿಗೇ ನಿಂತು ತುಂಬಿಸಿ. ಬೂರುಗದ ಹತ್ತಿ ಮೆತ್ತಗಿರುತ್ತದೆ, ತಲೆದಿಂಬಿಗೆ ಚೆನ್ನ. ಇದಕ್ಕೆ ಮಾಮೂಲಿ ಹತ್ತಿಯೇ ಸರಿ. ಬೆನ್ನಿನ ಕೆಳಗೆ ಇಟ್ಟಾಗ ಚಪ್ಪಟೆಯಾಗಿ ಹೋಗಬಾರದು. ಹೊರ ಕವರಿಗೆ ಜಿಪ್ ಇಟ್ಟರೆ ಒಗೆಯಬಹುದು. ಅದೂ ಬೇಡ ಅಂದರೆ ಎರಡು ತಲೆದಿಂಬನ್ನು ಜಮಖಾನದಲ್ಲಿ ಬಿಗಿಯಾಗಿ ಸುತ್ತಿ ಎರಡು ಕಡೆ ಕಟ್ಟಿ. ಪಾದ ಜೋಡಿಸಿ ಹಿಂದಕ್ಕೆ ಮಲಗುವ ಸುಪ್ತ ಬದ್ಧಕೋಣಾಸನಕ್ಕೆ ಅದರ ಮೇಲೆ ಒರಗಿದರೆ ವ್ಯತ್ಯಾಸ ಗೊತ್ತಾಗಲ್ಲ.

ಕಡಲಂಚು

ಇದರ ನಡುವೆ ಒಂದು ಅಡ್ಡ ಮಾತು. ಯೋಗ ಸಾಮಾನು ಮಾರುವ ಕಡೆಯಲ್ಲೇ ನೀರಿನಿಂದ ಮೂಗು ತೊಳೆಯುವ ಜಲನೇತಿ ಗಿಂಡಿಯನ್ನೂ ಇಟ್ಟಿರುತ್ತಾರೆ. ಕೊಂಡರೆ ಕೊಳ್ಳಿ, ಆದರೆ ನಲ್ಲಿ ನೀರು, ಬಾವಿ ನೀರು ನೇರ ಹಾಕಬೇಡಿ. ಕುದಿಸಿ ಆರಿಸಿದ ನೀರೇ ಆಗಬೇಕು. ನೀರಿನಲ್ಲಿ ಇರಬಹುದಾದ ಒಂದು ಅಮೀಬಾ ಮೂಗಿನಿಂದ ಮೆದುಳಿಗೆ ಹೋದರೆ ಬದುಕುವುದು ಅಪರೂಪ. ಕಾಯಿಲೆಯೂ ಅಪರೂಪವೇ, ಆದರೂ ಕುದಿಸಲು ಹತ್ತು ನಿಮಿಷ ತಾನೇ.

ಮೂರನೇ ಕ್ರಾಸ್

ಸ್ಕಿಪ್ಪಿಂಗ್ ಹಗ್ಗ ಯಾರೂ ಹೇಳಲಿಲ್ಲ. ಅಗ್ಗ, ಬೆವರು ಜಾಸ್ತಿ.

ಫಿಸಿಯೋ ಹುಬ್ಬಳ್ಳಿ

ಒಳ್ಳೆಯದೇ, ಮೊಣಕಾಲು, ಹಿಮ್ಮಡಿ ಸರಿ ಇದ್ದರೆ. ಹಗ್ಗದ ಮಧ್ಯೆ ಕಾಲಿಟ್ಟು ಮೇಲೆಳೆದರೆ ಹಿಡಿಕೆ ಕಂಕುಳಿನ ಹತ್ತಿರ ಬರಬೇಕು. ಆದರೆ ಮೂರನೇ ಮಹಡಿಯಲ್ಲಿ ಬೆಳಗ್ಗೆ ಆರಕ್ಕೆ ಕುಣಿದರೆ ಎರಡನೇ ಮಹಡಿಯವರು ಮೇಲೆ ಬರುತ್ತಾರೆ. ಟೆರೇಸ್‌ಗೆ ಹೋಗಿ, ಶೂ ಹಾಕಿಕೊಳ್ಳಿ.

ಸಂಜೆಮಲ್ಲಿಗೆ

ಸರಿ, ನಿನ್ನೆ ಗಾಂಧಿ ಬಜಾರ್ ಕಡೆ ಹೋಗಿದ್ದೆ. ಅಂಗಡಿಯಲ್ಲಿ ಶ್ವಾನಾಸನ ಹಾಕಿಯೇ ನೋಡಿದೆ, ಅಲ್ಲಿದ್ದ ಹುಡುಗ ನಕ್ಕ. ಐದು ಎಂಎಂ ಮ್ಯಾಟ್ ಒಂದು, ಕಾರ್ಕ್ ಬ್ಲಾಕ್ ಎರಡು ತಂದೆ. ಅಮ್ಮನಿಗೆ ಸದ್ಯ ಊಟದ ಮೇಜಿನ ಕುರ್ಚಿ, ಒಂದು ಹಗುರ ಬ್ಯಾಂಡ್. ಬೆಲ್ಟ್ ಮಾತ್ರ ಕೊಳ್ಳಲಿಲ್ಲ. ಆರು, ಎಂಟು, ಹತ್ತು ಅಡಿ ಅಂತ ಮೂರು ಇತ್ತು, ಗೊಂದಲ ಆಯಿತು. ಮ್ಯಾಟ್ ಉದ್ದವೂ ನಮ್ಮ ಯಜಮಾನರಿಗೆ ಸಾಲುತ್ತಾ ಗೊತ್ತಿಲ್ಲ. ಅವರು ಆರಡಿ ಎರಡಿಂಚು, ಈಗ ಅವರೂ ಸೇರಿಕೊಳ್ಳುತ್ತಾರಂತೆ.

ಗೋಡೆಯೇ ಗುರು

ಮಾಮೂಲಿ ಮ್ಯಾಟ್ 68 ಇಂಚು ಇರುತ್ತದೆ, ಅಂದರೆ ಐದೂ ಮುಕ್ಕಾಲು ಅಡಿಗೂ ಕಡಿಮೆ. ಆರು ದಾಟಿದವರು ಶವಾಸನಕ್ಕೆ ಮಲಗಿದರೆ ತಲೆಯೋ ಹಿಮ್ಮಡಿಯೋ ಟೈಲ್ಸ್ ಮೇಲೆ. ಅವರಿಗೆ ಬೇರೆಯದು ಕೊಳ್ಳುವಾಗ 78 ಇಂಚು ಅಥವಾ ಅದಕ್ಕಿಂತ ಉದ್ದದ್ದು ಕೇಳಿ. ಅಲ್ಲಿವರೆಗೆ ತಲೆಯ ಕಡೆ ಕಂಬಳಿ ಹಾಸಿದರಾಯಿತು.

ಬೆಲ್ಟ್ ಎಂಟು ಅಡಿಯದು ಮನೆಮಂದಿಗೆಲ್ಲ ಆಗುತ್ತದೆ. ಆರು ಅಡಿಯದು ಪಾದಕ್ಕೆ ಹಾಕಿ ಎಳೆಯಲು ಸಾಕು, ಸೊಂಟ ಮತ್ತು ಪಾದ ಸೇರಿಸಿ ಸುತ್ತಲು ನಿಮ್ಮ ಯಜಮಾನರಿಗೆ ಸಾಲದು. ಹತ್ತಿಯದೇ ಇರಲಿ, ಒಂದೂವರೆ ಇಂಚು ಅಗಲ. ನೈಲಾನ್ ಚರ್ಮ ಕೊಯ್ಯುತ್ತದೆ. ಬಕಲ್ ಎರಡು ಲೋಹದ ಉಂಗುರದ್ದು ಆದರೆ ಜಾರುವುದಿಲ್ಲ. ಪ್ಲಾಸ್ಟಿಕ್ ಕ್ಲಿಪ್ ಬೇಡ. ಅಲ್ಲಿವರೆಗೆ ಹಳೇ ಪಂಚೆಯನ್ನು ಉದ್ದಕ್ಕೆ ಮಡಚಿ ಬಳಸಿ. ಜರಿ ಅಂಚು ಇದ್ದರೆ ಒಳಗೆ ಮಡಚಿ.

ಸಂಜೆಮಲ್ಲಿಗೆ

ಪಂಚೆ ಕೇಳಿದ್ದಕ್ಕೆ ಯಜಮಾನರು ಎರಡು ಕೊಟ್ಟರು. ಮದುವೆಯದು ಮಾತ್ರ ಮುಟ್ಟಬೇಡ ಅಂದರು.